ವೀಣೆಯ ದನಿ ಕೇಳದ ಗಿರಾಕಿ

ಮನೆಯಲ್ಲಿ ಬಹಳ ವರ್ಷ ಬಾಳಿದ ವಾದ್ಯವೊಂದನ್ನು ಮಾರುವ ಪ್ರಸಂಗ ಬಂದಾಗ ಮನುಷ್ಯ ಎರಡು ಬಗೆಯಲ್ಲಿ ದುರ್ಬಲನಾಗಿರುತ್ತಾನೆ. ಅದನ್ನು ಬಿಟ್ಟುಕೊಡಬೇಕಲ್ಲ ಎಂಬ ಸಂಕಟ ಒಂದು. ಆ ಸಂಕಟ ಆದಷ್ಟು ಬೇಗ ಮುಗಿಯಲಿ ಎಂಬ ಅವಸರ ಇನ್ನೊಂದು. ಅಂತರ್ಜಾಲದಲ್ಲಿ ಹಳೆಯ ಸಾಮಾನುಗಳನ್ನು ಕೊಳ್ಳುವ ಸೋಗಿನಲ್ಲಿ ಹೊಂಚು ಹಾಕಿರುವ ವಂಚಕರಿಗೆ ಈ ಎರಡನೆಯ ದೌರ್ಬಲ್ಯ ಚೆನ್ನಾಗಿ ಗೊತ್ತು. ನನಗೆ ಗೊತ್ತಿರಲಿಲ್ಲ.

ಮಾರಬೇಕಾಗಿದ್ದುದು ನನ್ನ ಅಕ್ಕನ ವೀಣೆ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಆಕೆ ನುಡಿಸಿದ ವಾದ್ಯ. ಆಕೆ ತೀರಿಕೊಂಡ ಮೇಲೆ ನಮ್ಮ ಮನೆಗೆ ಬಂತು. ನಮ್ಮಲ್ಲಿ ಯಾರಿಗೂ ನುಡಿಸಲು ಬಾರದು. ಹಳೆಯ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಹೋಗುವಾಗ ನಾಲ್ಕಡಿ ಉದ್ದದ ಆ ವಾದ್ಯಕ್ಕೆ ಜಾಗವೆಲ್ಲಿ ಎಂಬ ಪ್ರಶ್ನೆ ಎದ್ದಿತು. ವಿದೇಶದಲ್ಲಿರುವ ಅಕ್ಕನ ಮಗ, 'ಆನ್‌ಲೈನ್‌ನಲ್ಲಿ ಹಾಕಿಬಿಡು ಮಾವ, ಒಂದೇ ದಿನದಲ್ಲಿ ಹೋಗುತ್ತದೆ' ಎಂದ. ನಾಲ್ಕು ಫೋಟೊ ತೆಗೆದು, 18,000 ರೂಪಾಯಿ ಎಂದು ಬರೆದು ಹಾಕಿದೆ. ಕಾಲು ಗಂಟೆಯೊಳಗೆ ಫೋನ್ ಬಂತು.

ಕರೆ ಮಾಡಿದವನು ತಾನು ಅರೆಸೇನಾ ಪಡೆಯ ಅಧಿಕಾರಿ ಎಂದ. ವರ್ಗಾವಣೆಯಾಗಿ ಬೆಂಗಳೂರಿಗೆ ಬಂದಿರುವುದಾಗಿಯೂ, ಕರ್ತವ್ಯದಿಂದಾಗಿ ಖುದ್ದಾಗಿ ಬರಲು ಸಾಧ್ಯವಿಲ್ಲವೆಂದೂ, ಮಗಳಿಗೆ ವೀಣೆ ಕಲಿಯುವ ಆಸೆಯೆಂದೂ ಹೇಳಿದ. ಸಮವಸ್ತ್ರದಲ್ಲಿರುವ ಗುರುತಿನ ಚೀಟಿಯ ಚಿತ್ರ ಕಳುಹಿಸಿದ. ಒಂದು ರೂಪಾಯಿಯನ್ನೂ ಚೌಕಾಸಿ ಮಾಡಲಿಲ್ಲ. ಖಾತೆ ಸರಿಯಾಗಿದೆಯೇ ಎಂದು ನೋಡಲು ಮೊದಲು ಒಂದು ರೂಪಾಯಿ ಹಾಕಿದ. ಅದು ನಿಜಕ್ಕೂ ಬಂತು. ಅನಂತರ ಒಂದು ಕ್ಯೂಆರ್ ಸಂಕೇತ ಕಳುಹಿಸಿ, 'ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ, ನಿಮ್ಮ ಹಣ ಜಮಾ ಆಗುತ್ತದೆ' ಎಂದ. ಒತ್ತಿದೆ. ಬರಬೇಕಾದ 18,000 ರೂಪಾಯಿ ನನ್ನ ಖಾತೆಯಿಂದಲೇ ಹೋಯಿತು.

ಹಣ ಪಡೆಯಲು ಪಿನ್ ಬೇಕಾಗಿಲ್ಲ. ಪಿನ್ ಇರುವುದು ಹಣ ಕೊಡಲು ಮಾತ್ರ. 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯ ಮೂಲಪಾಠವೇ ಇದು. ಪ್ರತಿದಿನ ತರಕಾರಿಯವನಿಗೆ ಅದೇ ರೀತಿಯಲ್ಲಿ ಹಣ ಕೊಡುವ ನನಗೆ ಈ ಪಾಠ ತಿಳಿಯದೇ ಇರಲಿಲ್ಲ. ಆದರೆ ತಿಳಿದಿರುವುದು ಬೇರೆ, ಆ ಕ್ಷಣದಲ್ಲಿ ನೆನಪಾಗುವುದು ಬೇರೆ. ಎದುರಿನವನು ಅವಸರಪಡಿಸುತ್ತಿರುವಾಗ, ಮನಸ್ಸು ವೀಣೆಯ ಮೇಲಿರುವಾಗ, ಬೆರಳು ತನ್ನ ಅಭ್ಯಾಸದಂತೆ ಒತ್ತಿಬಿಡುತ್ತದೆ.

ಈ ಬಗೆಯ ವಂಚನೆಗೆ ಹಲವು ರೂಪಗಳಿವೆ. 2,500 ರೂಪಾಯಿಯ ಬದಲು 25,000 ಜಮಾ ಆಗಿದೆಯೆಂಬ ನಕಲಿ ಸಂದೇಶ ಕಳುಹಿಸಿ, 'ಒಂದು ಸೊನ್ನೆ ಹೆಚ್ಚಾಯಿತು, ಉಳಿದದ್ದನ್ನು ದಯವಿಟ್ಟು ಹಿಂದಿರುಗಿಸಿ' ಎಂದು ಬೇಡುವುದು ಒಂದು. ಬಾಗಿಲಿಗೇ ಬಂದು, ಹಣ ಪಾವತಿಯಾದಂತೆ ಕಾಣುವ ನಕಲಿ ಪರದೆಯನ್ನು ತೋರಿಸಿ ವಾದ್ಯವನ್ನು ಹೊತ್ತೊಯ್ಯುವುದು ಇನ್ನೊಂದು. ಸಾಗಣೆಯ ವಿಮೆಗೆಂದು 'ಆಮೇಲೆ ಮರಳಿಸುವ' ಠೇವಣಿ ಕೇಳುವುದು ಮತ್ತೊಂದು. ಪಾವತಿ ಸಂಸ್ಥೆಗಳು ಸುಮ್ಮನೆ ಕುಳಿತಿಲ್ಲ ಎಂಬುದನ್ನೂ ಹೇಳಬೇಕು. ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹಣದ ಕೋರಿಕೆ ಕಳುಹಿಸುವ ಸೌಲಭ್ಯವನ್ನು ರಾಷ್ಟ್ರೀಯ ಪಾವತಿ ನಿಗಮವು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿತು. ಒಂದು ಕಿಂಡಿ ಮುಚ್ಚಿತು. ಆದರೆ ಕಿಂಡಿಗಳನ್ನು ಹುಡುಕುವುದೇ ಕಸುಬಾದವರಿಗೆ ಇನ್ನೊಂದು ಸಿಗುವುದು ಕಷ್ಟವಲ್ಲ.

ಹಣ ಹೋದದ್ದಕ್ಕಿಂತ ಹೆಚ್ಚಾಗಿ ಇಂದಿಗೂ ನನ್ನನ್ನು ಕಾಡುವುದು ಬೇರೊಂದು ಸಂಗತಿ. ಆ ಮನುಷ್ಯ ವೀಣೆಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಅದು ಮೈಸೂರಿನ ಬೀಟೆಮರದ್ದೋ, ತಂಜಾವೂರಿನ ಹಲಸಿನದ್ದೋ? ಒಂದೇ ಮರದಲ್ಲಿ ಕೊರೆದ ಏಕಾಂಡವೋ, ಕೊಡ ಮತ್ತು ದಂಡಿಯನ್ನು ಬೆಸೆದದ್ದೋ? ಇಪ್ಪತ್ತನಾಲ್ಕು ಮೆಟ್ಟಿಲುಗಳೂ ಭದ್ರವಾಗಿವೆಯೇ? ಮೇಣ ಹೊಸದೋ ಹಳೆಯದೋ? ಬಿರಡೆ ಜಾರುತ್ತದೆಯೇ? ಮಗಳಿಗೆ ಕಲಿಸಬೇಕೆಂಬ ಯಾವ ತಂದೆಯೂ ಇದರಲ್ಲಿ ಕನಿಷ್ಠ ಒಂದನ್ನಾದರೂ ಕೇಳುತ್ತಿದ್ದ. ಏನೂ ತಿಳಿಯದವನಾದರೂ 'ಒಮ್ಮೆ ಮೀಟಿ ಕೇಳಿಸುತ್ತೀರಾ' ಎನ್ನುತ್ತಿದ್ದ. ದನಿ ಕೇಳದೆ ವಾದ್ಯ ಕೊಳ್ಳುವವನು ಗಿರಾಕಿಯಲ್ಲ. ಇದು ಬ್ಯಾಂಕಿನ ಎಚ್ಚರಿಕೆಯ ಸಂದೇಶಗಳಲ್ಲಿ ಇಲ್ಲದ, ಆದರೆ ಅವೆಲ್ಲಕ್ಕಿಂತ ಸುಲಭವಾದ ಪರೀಕ್ಷೆ.

ಪರರ ದೋಷವನ್ನಷ್ಟೇ ಹೇಳಿ ಮುಗಿಸಿದರೆ ಈ ಬರಹ ಪ್ರಾಮಾಣಿಕವಾಗದು. ನಾನು ತೆಗೆದ ನಾಲ್ಕು ಫೋಟೊಗಳಲ್ಲಿ ಯಾವುದರಲ್ಲೂ ಕೊಡದ ಹಿಂಬದಿಯ ಬಿರುಕು ಕಾಣುತ್ತಿರಲಿಲ್ಲ. ಅದು ಆಕಸ್ಮಿಕವಲ್ಲ. 'ಸುಸ್ಥಿತಿಯಲ್ಲಿದೆ' ಎಂದು ಬರೆದವನೂ ನಾನೇ. ಚಿತ್ರದಲ್ಲಿ ವೀಣೆ ಸುಂದರವಾಗಿ ಕಾಣುತ್ತದೆ. ಅದು ನುಡಿಯುವುದಿಲ್ಲ, ಆದ್ದರಿಂದ ಸುಳ್ಳನ್ನೂ ಬಯಲು ಮಾಡುವುದಿಲ್ಲ. ಮುಖ ನೋಡಿ ಹೇಳಲಾಗದ ಸುಳ್ಳನ್ನು ಪರದೆಯ ಮರೆಯಲ್ಲಿ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! ವಂಚಕನಿಗೂ ನನಗೂ ನಡುವೆ ಪ್ರಮಾಣದ ಅಂತರ ದೊಡ್ಡದು ನಿಜ. ಆದರೆ ಇಬ್ಬರಿಗೂ ಧೈರ್ಯ ಕೊಟ್ಟದ್ದು ಒಂದೇ ದೂರ.

ಒಂದು ವೇಳೆ ಸಜ್ಜನ ಗಿರಾಕಿಯೇ ಸಿಕ್ಕಿದ್ದರೂ ತೊಡಕು ತಪ್ಪುತ್ತಿರಲಿಲ್ಲ. ವೀಣೆಯ ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಬೇಸಿಗೆಯಲ್ಲಿ ಕಾದ ಲಾರಿಯೊಳಗೆ ಎರಡು ದಿನ ಇಟ್ಟರೆ ಮೇಣ ಸಡಿಲಿ, ಸ್ವರಸ್ಥಾನ ಕದಲಿ, ಹೊಸದಾಗಿ ಮೇಳ ಕಟ್ಟಿಸಬೇಕಾಗುತ್ತದೆ. ತಂತಿಗಳನ್ನು ಸಡಿಲಿಸದೆ ಕಳುಹಿಸಿದರೆ ಒಂದು ಪೆಟ್ಟಿಗೇ ದಂಡಿ ಸೀಳಬಹುದು. ಹಾಗೆ ಬಂದ ವಾದ್ಯವನ್ನು ಕಂಡ ಗಿರಾಕಿ 'ನೀವು ಹೇಳಿದಂತಿಲ್ಲ' ಎನ್ನುತ್ತಾನೆ. ಮಾರಿದವನು 'ನಾನು ಕಳುಹಿಸುವಾಗ ಸರಿಯಿತ್ತು' ಎನ್ನುತ್ತಾನೆ. ಇಬ್ಬರ ಮಾತೂ ನಿಜವಿರಬಹುದು. ತೀರ್ಪು ಹೇಳುವವರು ಯಾರು?

ಹಳೆಯ ವಾದ್ಯಗಳಿಗೆ ಅಂಟಿಕೊಂಡ ಇನ್ನೊಂದು ಅಪಾಯವನ್ನು ಬಹುಪಾಲು ಮನೆಯವರು ಊಹಿಸಿಯೇ ಇರುವುದಿಲ್ಲ. ಹಿಂದಿನ ಕಾಲದ ವೀಣೆಗಳಲ್ಲಿ ದಂತದ ಕುಸುರಿ ಇರುವುದುಂಟು. ಹಳೆಯ ಸಿತಾರ್, ತಂಬೂರಿಗಳ ಕುದುರೆ ಜಿಂಕೆಯ ಕೊಂಬಿನದಾಗಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 1986ರಲ್ಲಿ ಆದ ತಿದ್ದುಪಡಿ ಭಾರತೀಯ ಆನೆಯ ದಂತದ ವ್ಯಾಪಾರವನ್ನೂ, 1991ರ ತಿದ್ದುಪಡಿ ಆಫ್ರಿಕದಿಂದ ಬಂದ ದಂತದ ವ್ಯಾಪಾರವನ್ನೂ ನಿಷೇಧಿಸಿದವು. ಸುಪ್ರೀಂ ಕೋರ್ಟ್ 2003ರಲ್ಲಿ ಈ ನಿಷೇಧವನ್ನು ಎತ್ತಿಹಿಡಿಯಿತು. ಅಜ್ಜಿಯ ವೀಣೆ ಎಂಬ ಕಾರಣಕ್ಕೆ ಕಾನೂನು ವಿನಾಯಿತಿ ಕೊಡುವುದಿಲ್ಲ. ದಂತವಿರುವ ವಾದ್ಯವನ್ನು ಮಾರಾಟಕ್ಕಿಡುವುದು ಮೂರರಿಂದ ಏಳು ವರ್ಷಗಳ ಜೈಲುಶಿಕ್ಷೆಗೆ ದಾರಿಯಾಗಬಹುದು. ಮಾರುಕಟ್ಟೆಯಲ್ಲಿ ಫೋಟೊ ಹಾಕುವುದೆಂದರೆ ಅಪರಾಧದ ಸಾಕ್ಷ್ಯವನ್ನು ತಾನೇ ಪ್ರಕಟಿಸಿದಂತೆ. ಬೀಟೆಮರದ ಕಥೆ ಕೊಂಚ ಭಿನ್ನ. 2017ರ ಜನವರಿಯಿಂದ ಆ ಜಾತಿಯ ಮರಗಳೆಲ್ಲ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಒಪ್ಪಂದದ ಪಟ್ಟಿಗೆ ಸೇರಿದವು. ಸಿದ್ಧಗೊಂಡ ವಾದ್ಯಗಳಿಗೆ 2019ರ ನವೆಂಬರ್‌ನಲ್ಲಿ ವಿನಾಯಿತಿ ದೊರೆಯಿತು. ಅಮೆರಿಕದ ಕನ್ನಡಿಗರೊಬ್ಬರಿಗೆ ವೀಣೆ ಮಾರಲು ಹೊರಡುವವರು ಇದನ್ನೆಲ್ಲ ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಹೀಗೆ ಮೋಸ, ತಕರಾರು, ಕಾನೂನಿನ ತೊಡಕು ಎಲ್ಲವೂ ಎದುರಾಗಬಹುದಾದ ಈ ವ್ಯವಹಾರದಲ್ಲಿ ಸಾಮಾನ್ಯ ಮಾರಾಟಗಾರನಿಗಿರುವ ರಕ್ಷಣೆ ಏನು? 2020ರ ಇ-ವಾಣಿಜ್ಯ ನಿಯಮಗಳು ವ್ಯಾಪಾರವನ್ನೇ ವೃತ್ತಿಯಾಗಿಸಿಕೊಳ್ಳದೆ ಖಾಸಗಿಯಾಗಿ ಮಾರುವ ವ್ಯಕ್ತಿಯ ವ್ಯವಹಾರಕ್ಕೆ ಅನ್ವಯಿಸುವುದಿಲ್ಲ. ಜಾಹೀರಾತು ಪ್ರಕಟಿಸುವ ತಾಣಗಳು ತಾವು ಕೇವಲ ಮಧ್ಯವರ್ತಿಗಳೆಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ನಿನ ಆಶ್ರಯ ಪಡೆಯುತ್ತವೆ. ಅದೇ ಕಾಯ್ದೆಯ 66ಡಿ ಸೆಕ್ಷನ್, ಬೇರೊಬ್ಬರ ಸೋಗು ಹಾಕಿ ಕಂಪ್ಯೂಟರ್ ಮೂಲಕ ವಂಚಿಸುವವನಿಗೆ ಮೂರು ವರ್ಷದವರೆಗೆ ಶಿಕ್ಷೆ ವಿಧಿಸುತ್ತದೆ; ಆದರೆ ಶಿಕ್ಷಿಸಲು ಮೊದಲು ಅವನು ಸಿಗಬೇಕಲ್ಲ. ಮಾರುಕಟ್ಟೆಯ ಲಾಭ ಬೇಕು, ಮಾರುಕಟ್ಟೆಯ ಹೊಣೆ ಬೇಡ ಎಂಬ ತಾಣಗಳ ನಿಲುವನ್ನು ನಾವು ಎಷ್ಟು ಕಾಲ ಒಪ್ಪಿಕೊಳ್ಳಬೇಕು? ಸಂತೆಯ ಸುಂಕ ವಸೂಲಿ ಮಾಡುವವನು ಸಂತೆಯಲ್ಲಿನ ಜೇಬುಗಳ್ಳರ ಬಗ್ಗೆಯೂ ಉತ್ತರ ಕೊಡಬೇಕು. ಕರೆ ಮಾಡುವವನ ಗುರುತನ್ನು ದೃಢಪಡಿಸಿಕೊಳ್ಳುವುದು, ವಸ್ತು ಕೈಸೇರುವ ತನಕ ಹಣವನ್ನು ನಡುವೆ ಹಿಡಿದಿಡುವುದು ಅಸಾಧ್ಯವೇನಲ್ಲ. ಇದಕ್ಕೆ ತಾಣಗಳನ್ನು ಒತ್ತಾಯಿಸುವ ನಿಯಮ ಬೇಕು.

ಹಣ ಕಳೆದುಕೊಂಡವರು ಕೂಡಲೇ 1930 ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಗಂಟೆಗಳಲ್ಲಿ ದೂರು ಹೋದರೆ ಹಣ ಕೈ ಬದಲಾಯಿಸುವ ಮುನ್ನ ತಡೆಹಿಡಿಯುವ ಸಾಧ್ಯತೆ ಇರುತ್ತದೆ. ನಾನು ಎರಡು ದಿನ ಯಾರಿಗೂ ಹೇಳಲಿಲ್ಲ. ಜೀವನವಿಡೀ ಲೆಕ್ಕಪತ್ರ ನೋಡಿದವನು ಹೀಗೆ ಮೋಸಹೋದೆನೆಂದು ಮಕ್ಕಳ ಮುಂದೆ ಒಪ್ಪಿಕೊಳ್ಳಲು ನಾಚಿಕೆ. ದೂರು ಕೊಡುವ ಹೊತ್ತಿಗೆ ಹಣ ಎಲ್ಲೆಲ್ಲಿಗೋ ಹರಿದುಹೋಗಿತ್ತು. ವಿದ್ಯಾವಂತರ ಈ ನಾಚಿಕೆಯೇ ವಂಚಕರ ದೊಡ್ಡ ಬಂಡವಾಳ. ಈ ಲೇಖನವನ್ನು ಬರೆಯುತ್ತಿರುವ ಕಾರಣಗಳಲ್ಲಿ ಅದೂ ಒಂದು.

ಆದರೆ ಕಾನೂನು, ಸಹಾಯವಾಣಿಗಳೆಲ್ಲ ಕೆಟ್ಟ ಮೇಲಿನ ಮಾತು. ಕೆಡದಂತೆ ನೋಡಿಕೊಳ್ಳುವ ದಾರಿ ನಮ್ಮ ಊರಿನಲ್ಲೇ ಇತ್ತು, ನಾವು ಅದನ್ನು ಮರೆತಿದ್ದೇವೆ. ಹಿಂದೆ ವೀಣೆ, ಪಿಟೀಲು, ಮೃದಂಗಗಳು ಗುರುಗಳ ಮೂಲಕ ಕೈ ಬದಲಾಯಿಸುತ್ತಿದ್ದವು. ಮದುವೆಯಾಗಿ ಹೋದ ಶಿಷ್ಯೆಯ ವಾದ್ಯ ಹೊಸ ಶಿಷ್ಯೆಗೆ ಸಲ್ಲುತ್ತಿತ್ತು. ಬೆಲೆಯನ್ನು ಗುರುಗಳೇ ಹೇಳುತ್ತಿದ್ದರು, ಇಬ್ಬರೂ ಒಪ್ಪುತ್ತಿದ್ದರು. ವಾದ್ಯದ ಗುಣದೋಷ ಮುಚ್ಚಿಡಲು ಅಲ್ಲಿ ಅವಕಾಶವಿರಲಿಲ್ಲ. ಆ ಪದ್ಧತಿಗೂ ಮಿತಿಗಳಿದ್ದವು: ಗುರುಗಳ ಪರಿಚಯವಿಲ್ಲದವರಿಗೆ, ಆ ವಲಯದ ಹೊರಗಿನವರಿಗೆ ಒಳ್ಳೆಯ ವಾದ್ಯ ಸಿಗುತ್ತಿರಲಿಲ್ಲ. ಅಂತರ್ಜಾಲ ಆ ಬಾಗಿಲನ್ನು ಎಲ್ಲರಿಗೂ ತೆರೆಯಿತು, ಇದನ್ನು ಮರೆಯಬಾರದು. ಬಾಗಿಲು ತೆರೆದಾಗ ಕಾವಲು ಬೇಕೆಂಬುದನ್ನು ಮಾತ್ರ ನಾವು ಮರೆತೆವು.

ಎರಡರ ಒಳಿತನ್ನೂ ಕೂಡಿಸಲು ಬರುವುದಿಲ್ಲವೇ? ಚೌಡಯ್ಯನವರ ನೆನಪಿಗೆ ಪಿಟೀಲಿನ ಆಕಾರದಲ್ಲೇ ಸಭಾಂಗಣ ಕಟ್ಟಿದ ನಗರ ನಮ್ಮದು. ಒಂದು ಹಳೆಯ ಪಿಟೀಲನ್ನು ನಂಬಿಕೆಯಿಂದ ಮಾರಲು ಇಲ್ಲಿ ಗೊತ್ತಾದ ಜಾಗವೊಂದಿಲ್ಲ. ಚಾಮರಾಜಪೇಟೆಯ ರಾಮನವಮಿ ಸಂಗೀತೋತ್ಸವಕ್ಕೆ ಸಾವಿರಾರು ರಸಿಕರು ಸೇರುತ್ತಾರೆ. ಅಂಥ ಉತ್ಸವಗಳಲ್ಲಿ ಒಂದೆರಡು ದಿನ ವಾದ್ಯ ವಿನಿಮಯಕ್ಕೆಂದು ಮೂಲೆಯೊಂದನ್ನು ಬಿಟ್ಟುಕೊಟ್ಟರೆ ಸಾಕು. ಬಳೇಪೇಟೆಯ ಅನುಭವಿ ಕುಶಲಕರ್ಮಿಗಳು ಅಲ್ಪ ಶುಲ್ಕ ಪಡೆದು ವಾದ್ಯವನ್ನು ಪರೀಕ್ಷಿಸಿ ಒಂದು ಚೀಟಿ ಬರೆದುಕೊಡಲಿ: ಮರ ಯಾವುದು, ಬಿರುಕೆಲ್ಲಿದೆ, ದುರಸ್ತಿಗೆಷ್ಟು, ದಂತವಿದೆಯೇ ಇಲ್ಲವೇ. ಸಂಗೀತ ಸಭೆಗಳೂ ಕಾಲೇಜುಗಳೂ ಅಂಥ ವಾದ್ಯಗಳ ಪಟ್ಟಿಯನ್ನು ಅಂತರ್ಜಾಲದಲ್ಲೇ ಇಡಲಿ, ಆದರೆ ವ್ಯವಹಾರ ಎದುರುಬದುರಾಗಿ ನಡೆಯಲಿ. ಇದಕ್ಕೆ ಸರ್ಕಾರದ ಅನುದಾನ ಬೇಕಿಲ್ಲ. ಕೆಲವರ ವೇಳೆ, ಕೊಂಚ ಆಸ್ಥೆ ಸಾಕು.

ನಮ್ಮ ವೀಣೆ ಕೊನೆಗೆ ಮಾರಾಟವಾದದ್ದು ಹಾಗೆಯೇ. ಅಕ್ಕನ ಹಳೆಯ ಸಹಪಾಠಿಯೊಬ್ಬರು ತಮ್ಮ ಶಿಷ್ಯೆಯನ್ನು ಕರೆತಂದರು. ಆ ಹುಡುಗಿ ನೆಲದ ಮೇಲೆ ಕುಳಿತು ವೀಣೆಯನ್ನು ಶ್ರುತಿ ಮಾಡಿದಳು, ಮೀಟಿದಳು, ಕೊಡವನ್ನು ತಿರುಗಿಸಿ ಬೆರಳಿನಿಂದ ತಟ್ಟಿ ನೋಡಿದಳು. 'ಇಲ್ಲಿ ಬಿರುಕಿದೆ' ಎಂದಳು. ಹೌದು ಎಂದೆ. ಹನ್ನೊಂದು ಸಾವಿರಕ್ಕೆ ಒಪ್ಪಂದವಾಯಿತು. ನಾನು ಕೇಳಿದ್ದಕ್ಕಿಂತ ಏಳು ಸಾವಿರ ಕಡಿಮೆ, ವಂಚಕನಿಗೆ ತೆತ್ತದ್ದನ್ನು ಲೆಕ್ಕ ಹಾಕಿದರೆ ಶುದ್ಧ ನಷ್ಟ. ಆದರೆ ಅಂದು ಆ ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ವೀಣೆ ನುಡಿದಿತ್ತು, ಯಾರೂ ಯಾರಿಗೂ ಸುಳ್ಳು ಹೇಳಿರಲಿಲ್ಲ.