ಹಳೆ ಬ್ಯಾಟರಿಗೆ ಗುಜರಿಯವ ನೂರು ರೂಪಾಯಿ ಹೆಚ್ಚು ಕೊಡುವುದು ಹೇಗೆ?

ನಿಮ್ಮ ಮನೆಯಲ್ಲಿ ಎಷ್ಟು ಬ್ಯಾಟರಿ ಇದೆ ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ. ನಮ್ಮಲ್ಲಿ ಇನ್ವರ್ಟರಿನದ್ದು ಎರಡು, ತೋಟದ ಸೋಲಾರ್ ಬೇಲಿಗೆ ಒಂದು, ಪಿಕಪ್ಪಿನದ್ದು ಒಂದು, ಬೈಕಿನದ್ದು ಒಂದು, ಬೆನ್ನಿಗೆ ಹಾಕುವ ಸ್ಪ್ರೇಯರಿನಲ್ಲಿ ಒಂದು. ಟಾರ್ಚಿನ ಸೆಲ್ಲು, ರಿಮೋಟಿನ ಸೆಲ್ಲು, ಮೊಬೈಲು ಬೇರೆ. ಮೂವತ್ತು ವರ್ಷದ ಹಿಂದೆ ಇದೇ ಮನೆಯಲ್ಲಿ ಇದ್ದದ್ದು ಒಂದು ಟಾರ್ಚು, ಒಂದು ರೇಡಿಯೋ, ಅಷ್ಟೆ. ಹಂದಿ, ಕಾಟಿ, ಆನೆಯ ಕಾಟ ಹೆಚ್ಚಿದಂತೆ ಬೇಲಿಗೆ ಬ್ಯಾಟರಿ ಬಂತು. ಕರೆಂಟು ಕೈಕೊಟ್ಟಷ್ಟೂ ಇನ್ವರ್ಟರ್ ಬಂತು. ಕೂಲಿಯಾಳು ಸಿಗದಾದಾಗ ಬ್ಯಾಟರಿಯ ಸ್ಪ್ರೇಯರ್ ಬಂತು. ಕೃಷಿಕ ಇವತ್ತು ಬ್ಯಾಟರಿಯ ದೊಡ್ಡ ಗಿರಾಕಿ. ಬಂದದ್ದೆಲ್ಲ ಒಂದು ದಿನ ಹೋಗಲೇಬೇಕಲ್ಲ? ಎಲ್ಲಿಗೆ ಹೋಗುತ್ತದೆ ಎಂಬುದೇ ನನ್ನ ಪ್ರಶ್ನೆ.

ಕಳೆದ ಬಾರಿ ಇನ್ವರ್ಟರಿಗೆ ಹೊಸ ಬ್ಯಾಟರಿ ತರುವಾಗ ಪೇಟೆಯ ಅಂಗಡಿಯಲ್ಲಿ ಕೇಳಿದೆ. ಹಳೆಯದಕ್ಕೆ ಎಷ್ಟು ಕಡಿಮೆ ಮಾಡ್ತೀರಿ ಅಂತ. ಒಂದು ರೇಟು ಹೇಳಿದರು. 'ಹಳೆ ಬ್ಯಾಟರಿ ವಾಪಸು ಪಡೆದದ್ದನ್ನು ಬಿಲ್ಲಿನಲ್ಲಿ ಬರೆಯಿರಿ' ಎಂದಾಗ ಅಂಗಡಿಯವರ ಮುಖ ಬದಲಾಯಿತು. 'ಅದೆಲ್ಲ ಯಾಕೆ ಮಾರಾಯ್ರೆ, ಯಾರೂ ಕೇಳುದಿಲ್ಲ' ಎಂದರು. ಮನೆಗೆ ಬಂದರೆ ಗುಜರಿಯವನು ಅಂಗಡಿಗಿಂತ ನೂರಿನ್ನೂರು ಹೆಚ್ಚು ಕೊಡಲು ತಯಾರು. ಅವನಲ್ಲಿ ಬಿಲ್ಲಿನ ಮಾತೇ ಇಲ್ಲ.

ನೂರು ರೂಪಾಯಿ ಹೆಚ್ಚು ಸಿಗುತ್ತದೆಂದರೆ ಯಾರಿಗೆ ಬೇಡ? ಆದರೆ ಅವನಿಗೆ ಅಷ್ಟು ಹೆಚ್ಚು ಕೊಡಲು ಹೇಗೆ ಸಾಧ್ಯ ಎಂದು ಯೋಚಿಸಿದ್ದೀರಾ? ಹಳೆ ಬ್ಯಾಟರಿಯಲ್ಲಿ ಬೆಲೆ ಇರುವುದು ಸೀಸಕ್ಕೆ. ಇನ್ವರ್ಟರಿನ ದೊಡ್ಡ ಬ್ಯಾಟರಿ ಐವತ್ತು ಕಿಲೋಗೂ ಹೆಚ್ಚು ತೂಗುತ್ತದೆ. ಅದರಲ್ಲಿ ಸರಿಸುಮಾರು ಅರ್ಧ ಸೀಸ. ಉಳಿದದ್ದು ಹೆಚ್ಚಿನಂಶ ಗಂಧಕಾಮ್ಲ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಇದ್ದಿಲಿನ ಒಲೆ, ಒಂದು ಕಬ್ಬಿಣದ ಬಾಣಲೆ ಇದ್ದರೆ ಹಿತ್ತಿಲಲ್ಲೇ ಕರಗಿಸಬಹುದು. ಕ್ರಮದಲ್ಲಿ ನಡೆಯುವ ಕಾರ್ಖಾನೆ ಆಸಿಡನ್ನು ತಟಸ್ಥ ಮಾಡಬೇಕು, ಹೊಗೆಯ ಧೂಳು ಹಿಡಿಯಬೇಕು, ಕೆಲಸದವರ ರಕ್ತ ಪರೀಕ್ಷೆ ಮಾಡಿಸಬೇಕು, ತೆರಿಗೆ ಕಟ್ಟಬೇಕು. ಹಿತ್ತಿಲ ಒಲೆಗೆ ಈ ಯಾವ ಖರ್ಚೂ ಇಲ್ಲ. ಆಸಿಡು ತೋಡಿಗೆ, ಹೊಗೆ ಗಾಳಿಗೆ, ಬೂದಿ ಮಣ್ಣಿಗೆ. ಹೀಗೆ ಉಳಿಸಿದ ದುಡ್ಡಿನಲ್ಲಿ ಒಂದು ಪಾಲು ನಮಗೆ ಸಿಗುವ ಆ ನೂರು ರೂಪಾಯಿ.

ಚೆಲ್ಲಿದ ಸೀಸ ಎಲ್ಲಿಗೂ ಹೋಗುವುದಿಲ್ಲ

ಕೀಟನಾಶಕ ಕೆಲವು ದಿನಕ್ಕೋ ವರ್ಷಕ್ಕೋ ಒಡೆದು ಹೋದೀತು. ಸೀಸ ಮೂಲಧಾತು, ಒಡೆಯುವುದಿಲ್ಲ. ಮಳೆಗೆ ಸುಲಭದಲ್ಲಿ ಕೆಳಗೆ ಇಳಿಯುವುದೂ ಇಲ್ಲ. ಮೇಲ್ಮಣ್ಣಿಗೆ ಅಂಟಿಕೊಂಡು ತಲೆಮಾರುಗಳ ಕಾಲ ಕೂತಿರುತ್ತದೆ. ಹಟ್ಟಿ ಇರುವವರು ಇನ್ನೊಂದು ಸಂಗತಿ ತಿಳಿದಿರಬೇಕು. ದನಕರುಗಳಿಗೆ ಸೀಸದ ವಿಷ ಏರುವ ಮುಖ್ಯ ದಾರಿಗಳಲ್ಲಿ ಒಂದು, ಎಸೆದ ಬ್ಯಾಟರಿಯನ್ನು ನೆಕ್ಕುವುದು. ಒಡೆದ ಬ್ಯಾಟರಿ ಸಿಕ್ಕಿದರೆ ಅವು ಬಿಡುವುದಿಲ್ಲ. ಕಣ್ಣು ಕಾಣದಾಗುವುದು, ಹಲ್ಲು ಕಡಿಯುವುದು, ಗೋಡೆಗೆ ತಲೆ ಒತ್ತಿ ನಿಲ್ಲುವುದು, ಸುತ್ತು ತಿರುಗುವುದು ಇವೆಲ್ಲ ಅದರ ಲಕ್ಷಣ. ಎಳೆಗರುಗಳಿಗೆ ಅಪಾಯ ಹೆಚ್ಚು.

ಮಕ್ಕಳ ವಿಷಯದಲ್ಲಿ ಇನ್ನೂ ಗಂಭೀರ. ಇಷ್ಟರವರೆಗೆ ಸೀಸ ಸೇರಿದರೆ ತೊಂದರೆ ಇಲ್ಲ ಎಂಬ ಸುರಕ್ಷಿತ ಮಟ್ಟವೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳೆಯುವ ಮೆದುಳಿಗೆ ಅದು ಪೆಟ್ಟು ಕೊಡುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳು 2020ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನ ಮೂರರಲ್ಲಿ ಒಂದು ಮಗುವಿನ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ. ಅವರಲ್ಲಿ 27 ಕೋಟಿಗೂ ಹೆಚ್ಚು ಮಕ್ಕಳು ನಮ್ಮ ದೇಶದವರು. ಕ್ರಮವಿಲ್ಲದೆ ಬ್ಯಾಟರಿ ಕರಗಿಸುವುದು ಇದಕ್ಕೆ ದೊಡ್ಡ ಕಾರಣಗಳಲ್ಲಿ ಒಂದು ಎಂದು ಆ ವರದಿ ಹೇಳಿದೆ. ಸೀಸ ಬೆರೆಸಿದ ಪೆಟ್ರೋಲನ್ನು ನಮ್ಮ ದೇಶ 2000ದಲ್ಲಿ ನಿಲ್ಲಿಸಿತು. ಬಾಲದ ಕೊಳವೆಯಿಂದ ಹೋದದ್ದು ಬ್ಯಾಟರಿಯ ಒಲೆಯಿಂದ ವಾಪಸು ಬಂದರೆ ಏನು ಮಾಡಿದ ಹಾಗಾಯಿತು?

ಇದು ಎಲ್ಲಿವರೆಗೆ ಹೋಗಬಹುದು ಎಂಬುದಕ್ಕೆ ಆಫ್ರಿಕಾದ ಒಂದು ಉದಾಹರಣೆ ಇದೆ. ಸೆನೆಗಲ್ ದೇಶದ ರಾಜಧಾನಿ ಡಕಾರ್ ಬಳಿಯ ತಿಯರೋಯ್ ಎಂಬಲ್ಲಿ ಜನ ಹಳೆ ಬ್ಯಾಟರಿ ಒಡೆದು ಸೀಸ ಮಾರುತ್ತಿದ್ದರು. ಸೀಸಕ್ಕೆ ಬೆಲೆ ಏರಿದಾಗ ಅಲ್ಲಿನ ಮರಳನ್ನೇ ಜರಡಿ ಹಿಡಿದು ಸೀಸದ ಚೂರು ಹೆಕ್ಕತೊಡಗಿದರು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ ಆ ಒಂದೇ ಬಡಾವಣೆಯಲ್ಲಿ 18 ಮಕ್ಕಳು ಸತ್ತರು. ಅವರ ಕೈಗೆ ಬಂದದ್ದೂ ನಮ್ಮಂಥ ಗಿರಾಕಿಗಳು ಬಳಸಿ ಬಿಟ್ಟ ಬ್ಯಾಟರಿಯೇ.

ಕಾನೂನು ಇಲ್ಲವೆ?

ಇದೆ, ಹೊಸತೂ ಅಲ್ಲ. 2001ರಲ್ಲೇ ಕೇಂದ್ರ ಸರ್ಕಾರ ಸೀಸದ ಬ್ಯಾಟರಿಗಳಿಗೆ ನಿಯಮ ತಂದಿತ್ತು. ತಯಾರಕರು ಮಾರಿದ ಹೊಸ ಬ್ಯಾಟರಿಯ ಲೆಕ್ಕಕ್ಕೆ ಮೊದಲ ವರ್ಷ ನೂರಕ್ಕೆ 50, ಎರಡನೇ ವರ್ಷ 75, ಮೂರನೇ ವರ್ಷದಿಂದ 90ರಷ್ಟು ಹಳೆಯದನ್ನು ವಾಪಸು ತರಿಸಬೇಕಿತ್ತು. ಹಳೆಯದು ತಂದವರಿಗೆ ಡೀಲರು ಸೂಕ್ತ ರಿಯಾಯಿತಿ ಕೊಡಬೇಕೆಂದೂ ಬರೆದಿತ್ತು. ನೂರಕ್ಕೆ ತೊಂಬತ್ತು! ನಮ್ಮೂರಿನಲ್ಲಿ ಅಂಗಡಿಗೆ ವಾಪಸು ಹೋದದ್ದಕ್ಕಿಂತ ಗುಜರಿಗೆ ಹೋದದ್ದನ್ನೇ ನಾನು ಹೆಚ್ಚು ಕಂಡಿದ್ದೇನೆ.

2022ರ ಆಗಸ್ಟಿನಲ್ಲಿ ಆ ನಿಯಮದ ಜಾಗಕ್ಕೆ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮ ಬಂತು. ಇದು ಸೀಸಕ್ಕೆ ಮಾತ್ರ ಅಲ್ಲ, ಲಿಥಿಯಂ, ಟಾರ್ಚಿನ ಸೆಲ್ಲು ಎಲ್ಲಕ್ಕೂ ಅನ್ವಯ. ಬ್ಯಾಟರಿ ತಯಾರಿಸುವವರು, ಹೊರದೇಶದಿಂದ ತರಿಸುವವರು, ಬ್ಯಾಟರಿ ಇರುವ ಯಂತ್ರವನ್ನು ತಮ್ಮ ಹೆಸರಿನಲ್ಲಿ ಮಾರುವವರು ಎಲ್ಲರೂ 'ಉತ್ಪಾದಕರು'. ಅವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮಾಡಿಸಬೇಕು. ಮಾರಿದ ಸರಕು ಕೆಲಸ ಮುಗಿಸಿದ ಮೇಲೆ ಅದು ಮರುಬಳಕೆಗೆ ಹೋಗುವ ಹಾಗೆ ನೋಡುವುದು ಅವರ ಹೊಣೆ. ಇದಕ್ಕೆ ವಿಸ್ತೃತ ಉತ್ಪಾದಕ ಹೊಣೆಗಾರಿಕೆ ಎಂದು ಹೆಸರು. ಬ್ಯಾಟರಿಯನ್ನು ಹೂಳುವಂತಿಲ್ಲ, ಸುಡುವಂತಿಲ್ಲ. ಕರಗಿಸುವ ಕಾರ್ಖಾನೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಆಗಿರಬೇಕು. ಹೊಣೆ ತಪ್ಪಿಸಿದವರು ಪರಿಸರ ಪರಿಹಾರ ಕಟ್ಟಬೇಕು. ನಮ್ಮಂಥ ಬಳಕೆದಾರರಿಗೂ ಒಂದು ಹೊಣೆ ಇದೆ: ಬ್ಯಾಟರಿಯನ್ನು ಬೇರೆ ಕಸದ ಜತೆ ಬೆರೆಸದೆ, ಸಂಗ್ರಹ ಅಥವಾ ಮರುಬಳಕೆಯ ವ್ಯವಸ್ಥೆಯವರಿಗೇ ಕೊಡಬೇಕು.

ಕಾಗದದಲ್ಲಿ ಚೆನ್ನಾಗಿದೆ. ಹಾಗಾದರೆ ತಪ್ಪುವುದು ಎಲ್ಲಿ?

ಲೆಕ್ಕ ಕಿಲೋದ್ದು, ಹಳ್ಳಿಯದ್ದಲ್ಲ

ನನಗೆ ಅರ್ಥವಾದಷ್ಟು ಹೇಳುತ್ತೇನೆ. ನೋಂದಾಯಿತ ಕಾರ್ಖಾನೆ ಇಷ್ಟು ಟನ್ ಮರುಬಳಕೆ ಮಾಡಿದೆ ಎಂದರೆ ಅದಕ್ಕೆ ಸರ್ಟಿಫಿಕೇಟು ಸಿಗುತ್ತದೆ. ಉತ್ಪಾದಕರು ಆ ಸರ್ಟಿಫಿಕೇಟನ್ನು ಖರೀದಿಸಿ ತಮ್ಮ ಹೊಣೆ ತೀರಿಸಬಹುದು. ಅಂದರೆ ಅವರಿಗೆ ಬೇಕಾದ್ದು ಕಿಲೋ. ಆ ಕಿಲೋ ಬೆಂಗಳೂರಿನ ಗೋದಾಮಿನದ್ದೋ ನಮ್ಮ ತೋಟದ ಬೇಲಿಯದ್ದೋ ಎಂಬ ಭೇದ ಇಲ್ಲ. ಪೇಟೆಯಲ್ಲಿ ಒಂದೇ ಕಡೆ ಲಾರಿಗಟ್ಟಲೆ ಸಿಗುವಾಗ, ಘಾಟಿ ರಸ್ತೆಯಲ್ಲಿ ಐದಾರು ಕಿಲೋಮೀಟರು ಒಳಗೆ ಬಂದು ನನ್ನ ಎರಡು ಬ್ಯಾಟರಿ ಒಯ್ಯಲು ಯಾರು ಬರುತ್ತಾರೆ? ಗುಜರಿಯವನು ಮಾತ್ರ. ಸರ್ಟಿಫಿಕೇಟಿನ ವ್ಯವಹಾರದಲ್ಲಿ ಮೋಸಕ್ಕೂ ಎಡೆ ಇದೆ. ಇದೇ ರೀತಿಯ ಪದ್ಧತಿ ಇರುವ ಪ್ಲಾಸ್ಟಿಕ್ ಕಸದಲ್ಲಿ ಲಕ್ಷಗಟ್ಟಲೆ ನಕಲಿ ಸರ್ಟಿಫಿಕೇಟು ಆಗಿದ್ದನ್ನು 2023ರಲ್ಲಿ ಕೇಂದ್ರ ಮಂಡಳಿಯೇ ಪತ್ತೆ ಮಾಡಿತ್ತು.

ಇನ್ನೊಂದು ಕಡೆ ಟಾರ್ಚಿನ ಸೆಲ್ಲು ಇದೆ. ಅದನ್ನು ಗುಜರಿಯವನೂ ಮುಟ್ಟುವುದಿಲ್ಲ. ದುಡ್ಡು ಹುಟ್ಟುವ ಬ್ಯಾಟರಿ ತಪ್ಪು ದಾರಿಯಲ್ಲಿ ಓಡುತ್ತದೆ, ದುಡ್ಡು ಹುಟ್ಟದ್ದು ಗೊಬ್ಬರಗುಂಡಿಗೆ ಬೀಳುತ್ತದೆ. ಈಗ ಸ್ಪ್ರೇಯರಿಗೆ, ಕಳೆ ಕತ್ತರಿಸುವ ಯಂತ್ರಕ್ಕೆ ಲಿಥಿಯಂ ಬ್ಯಾಟರಿ ಬರುತ್ತಿದೆ. ಜಜ್ಜಿದರೆ, ತೂತಾದರೆ ಅದು ಬೆಂಕಿ ಹಿಡಿಯಬಹುದು. ಅಡಿಕೆ ಸಿಪ್ಪೆ, ಬೈಹುಲ್ಲು ರಾಶಿ ಹಾಕುವ ಕೊಟ್ಟಿಗೆಯಲ್ಲಿ ಹಾಳಾದ ಅಂಥ ಬ್ಯಾಟರಿ ಬಿದ್ದಿದ್ದರೆ ಏನಾದೀತು?

ಆಗಬೇಕಾದ್ದು

ಗುಜರಿಯವನನ್ನು ಬೈದು ಪ್ರಯೋಜನ ಇಲ್ಲ. ನಮ್ಮ ಅಂಗಳಕ್ಕೆ ಬರುವವನು ಅವನೊಬ್ಬನೇ. ಬಿಸಿಲಲ್ಲಿ ಹೊತ್ತು ಸಾಗಿಸಿ ಹೊಟ್ಟೆ ಹೊರೆಯುತ್ತಾನೆ. ಸಂಗ್ರಹ ಮಾಡುವವರಿಗೂ 2022ರ ನಿಯಮದಲ್ಲಿ ಜಾಗ ಇದೆ. ಅವನನ್ನು ಅದರೊಳಗೆ ತಂದು, ಒಡೆಯದೆ, ಆಸಿಡು ಚೆಲ್ಲದೆ ಇಡಿ ಬ್ಯಾಟರಿಯನ್ನೇ ತಲುಪಿಸಿದರೆ ಒಳ್ಳೆಯ ಕೂಲಿ ಸಿಗುವ ಹಾಗೆ ಮಾಡಬೇಕು.

ಎರಡನೆಯದು ಠೇವಣಿ. ಹೊಸ ಬ್ಯಾಟರಿ ಕೊಳ್ಳುವಾಗಲೇ ಒಂದು ಮೊತ್ತ ಠೇವಣಿ ಇರಲಿ, ಹಳೆಯದು ಕೊಟ್ಟಾಗ ವಾಪಸು ಸಿಗಲಿ. ಸೋಡಾ ಬಾಟ್ಲಿಗೆ ನಾವು ಹೀಗೇ ಮಾಡುತ್ತಿದ್ದೆವಲ್ಲ? ಉತ್ಪಾದಕರು ಠೇವಣಿ ಪದ್ಧತಿ ಮಾಡಬಹುದು ಎಂದು ನಿಯಮದಲ್ಲೇ ಇದೆ. 'ಮಾಡಬಹುದು' ಎಂದರೆ ಯಾರೂ ಮಾಡುವುದಿಲ್ಲ, 'ಮಾಡಬೇಕು' ಎಂದಾಗಬೇಕು. ಠೇವಣಿ ಗುಜರಿಯ ಆ ನೂರಿನ್ನೂರಕ್ಕಿಂತ ದೊಡ್ಡದಿದ್ದರೆ ಉಪದೇಶವೇ ಬೇಡ, ಬ್ಯಾಟರಿ ತಾನಾಗಿ ಸರಿದಾರಿಗೆ ಬರುತ್ತದೆ.

ಮೂರನೆಯದು ನಮ್ಮ ಸಹಕಾರಿ ಸಂಘಗಳ ಕೆಲಸ. ಗೊಬ್ಬರ, ಮೈಲುತುತ್ತು ಮಾರಲು ಸೊಸೈಟಿಗೆ ಗೋದಾಮು ಇದೆ, ತಕ್ಕಡಿ ಇದೆ, ಲೆಕ್ಕ ಬರೆಯುವವರಿದ್ದಾರೆ. ಮಳೆ ಬೀಳದ ಒಂದು ಮೂಲೆಯಲ್ಲಿ, ಆಸಿಡ್ ತಡೆಯುವ ತೊಟ್ಟಿಯಲ್ಲಿ ಹಳೆ ಬ್ಯಾಟರಿ ಇಡುವ ವ್ಯವಸ್ಥೆ ಮಾಡಿ, ವರ್ಷಕ್ಕೆ ಎರಡು ಬಾರಿ ನೋಂದಾಯಿತ ಕಾರ್ಖಾನೆಯವರನ್ನು ಕರೆಸಿದರೆ ಸಾಕು. ಬಿಡಿಯಾಗಿ ಎರಡು ಬ್ಯಾಟರಿಗೆ ಯಾರೂ ಬಾರರು, ಇನ್ನೂರಕ್ಕೆ ಬಂದಾರು. ಸದಸ್ಯರಿಗೆ ರಶೀದಿ ಸಿಗುತ್ತದೆ, ಬೆಲೆಯೂ ನ್ಯಾಯದ್ದಾಗುತ್ತದೆ. ಹೊಣೆ ತಪ್ಪಿಸಿದವರು ಕಟ್ಟುವ ಪರಿಸರ ಪರಿಹಾರದ ಹಣವನ್ನು, ಸಂಗ್ರಹವಾಗದೆ ಉಳಿದ ಬ್ಯಾಟರಿಗಳಿಗೇ ಬಳಸಬೇಕೆಂದು ನಿಯಮ ಹೇಳುತ್ತದೆ. ಹಳ್ಳಿಯ ಸೊಸೈಟಿಗೆ ಆ ಹಣ ಯಾಕೆ ಬರಬಾರದು?

ಇದೆಲ್ಲ ಆಗುವ ತನಕ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಹೊಸ ಬ್ಯಾಟರಿ ತರುವಾಗ ಹಳೆಯದನ್ನು ಜತೆಗೇ ಒಯ್ಯಿರಿ, ಬಿಲ್ಲಿನಲ್ಲಿ ಬರೆಸಿ. ಇದು ಯಾವ ಕಾರ್ಖಾನೆಗೆ ಹೋಗುತ್ತದೆ, ನೋಂದಣಿ ಇದೆಯಾ ಎಂದು ಕೇಳಿ. ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ಸಿಗುತ್ತದೆ. ಹಳೆ ಪ್ಲೇಟು ಸೇರಿಸಿ ಕಟ್ಟಿದ ಲೋಕಲ್ ಬ್ಯಾಟರಿಯ ಅಗ್ಗದ ಆಸೆಗೆ ಬೀಳಬೇಡಿ, ಹಿತ್ತಿಲ ಒಲೆ ಉರಿಯುವುದೇ ಅದರಿಂದ. ಆಸಿಡ್ ಚೆಲ್ಲಿ ತೂಕ ಮಾಡಲು ಬಂದವನಿಗೆ ಅಂಗಳ ಬಿಟ್ಟುಕೊಡಬೇಡಿ. ಟಾರ್ಚಿನ ಸೆಲ್ಲನ್ನು ಒಂದು ಒಣ ಡಬ್ಬದಲ್ಲಿ ಕೂಡಿಡಿ.

ಮುಂದಿನ ಮಹಾಸಭೆಯಲ್ಲಿ ನಮ್ಮ ಸೊಸೈಟಿಯಲ್ಲಿ ಈ ವಿಷಯ ಎತ್ತಬೇಕೆಂದಿದ್ದೇನೆ. ನಿಮ್ಮೂರಿನ ಸಂಘ ಈಗಾಗಲೇ ಇಂಥ ಕೆಲಸ ಮಾಡುತ್ತಿದ್ದರೆ, ಹೇಗೆ ಸಾಧ್ಯವಾಯಿತು, ಬೆಲೆ ಎಷ್ಟು ಸಿಕ್ಕಿತು, ಎಲ್ಲಿ ತೊಡಕಾಯಿತು ಎಂದು ದಯವಿಟ್ಟು ಪತ್ರಿಕೆಗೆ ಬರೆಯಿರಿ. ಸಭೆಯಲ್ಲಿ ನಾಲ್ಕು ಮಾತು ಹೆಚ್ಚು ಹೇಳಲು ನನಗೂ ಉಪಕಾರವಾಗುತ್ತದೆ.