ಜೋಡುನಳಿಗೆಯ ಆಟಿಗೆ ಬಂದೂಕು, ಗೋಡೆಯ ಮೊಳೆ ಮತ್ತು ಒಂದು ಕಣ್ಣು

ಈ ಸಲದ ಜಾತ್ರೆ ಸೀಸನ್ನಿನಲ್ಲಿ ನಾವು ಬಂದೂಕು ಕೊಂಡೆವು. ಗಾಬರಿ ಆಗಬೇಡಿ, ಆಟಿಗೆ ಬಂದೂಕು. ಸಿಂಧನೂರು ತಾಲ್ಲೂಕಿನ ಅಂಬಾಮಠದ ಜಾತ್ರೆಯಲ್ಲಿ ಒಂದು, ಮಸ್ಕಿ ಮಲ್ಲಯ್ಯನ ಜಾತ್ರೆಯಲ್ಲಿ ಇನ್ನೊಂದು. ಮೂರನೆಯದನ್ನು ಲಿಂಗಸುಗೂರಿನ ಗೆಳೆಯನೊಬ್ಬನ ಮನೆ ಗೋಡೆಯಿಂದ ಇಳಿಸಿಕೊಂಡು ತಂದೆವು. ಮೂರನ್ನೂ ಒಂದು ಭಾನುವಾರ ಹೊಲಕ್ಕೆ ಒಯ್ದು ಹೊಡೆದು ನೋಡಿದೆವು.

ಮೀಸೆ ಬಂದವರಿಗೆ ಇದೇನು ಹುಡುಗಾಟ ಅಂತ ನಮ್ಮ ಮನೆಯವರೇ ಕೇಳಿದರು. ಹುಡುಗಾಟಕ್ಕೆ ಮಾಡಿದ್ದಲ್ಲ.

ಮಸ್ಕಿ ಕಡೆಯ ಒಂದು ಹಳ್ಳಿಯಲ್ಲಿ ಆರನೇ ಇಯತ್ತೆ ಓದುವ ಹುಡುಗ. ಜಾತ್ರೆಯಿಂದ ಬಂದ ಮರುದಿನ ಅಣ್ಣತಮ್ಮಂದಿರು ಸೇರಿ ಕಟ್ಟೆ ಮೇಲೆ ಕಳ್ಳ-ಪೊಲೀಸ್ ಆಡಿದರು. ಹಳದಿ ಪ್ಲಾಸ್ಟಿಕ್ ಗುಂಡು, ಜೋಳದ ಕಾಳಿಗಿಂತ ತುಸು ದಪ್ಪ, ಬಲಗಣ್ಣಿಗೆ ಬಡಿಯಿತು. ರಕ್ತ ಬರಲಿಲ್ಲ. ಮನೆಯವರು ಎದೆಹಾಲು ಹಾಕಿದರು, ಸಂಜೆಗೆ ಔಡಲೆಣ್ಣೆ. ಮೂರನೇ ದಿನ ಕಣ್ಣಿನ ಕರಿಗುಡ್ಡೆಯ ಮುಂದೆ ಕೆಳಗಡೆ ಕೆಂಪಗೆ ರಕ್ತ ನಿಂತದ್ದು ಕಂಡಿತು. ಆಗ ಗಾಡಿ ಮಾಡಿಕೊಂಡು ರಾಯಚೂರಿಗೆ ಓಡಿದರು. ಈಗ ಆ ಕಣ್ಣಿಗೆ ಬೋರ್ಡಿನ ಮೇಲಿನ ಅಕ್ಷರ ಕಾಣುವುದಿಲ್ಲ. ಅವರಪ್ಪ ನಮ್ಮ ಮುಂದೆ ಒಂದೇ ಮಾತು ಆಡಿದರು: "ಇನ್ನೂರಾ ಐವತ್ತು ರೂಪಾಯಿ ಕೊಟ್ಟು ನಾನ ತಂದು ಕೊಟ್ಟೀನ್ರೀ ಸರ."

ಆ ಮಾತು ಕೇಳಿದ ಮೇಲೆಯೇ ನಾವು ಬಂದೂಕು ಕೊಂಡದ್ದು.

ಮೊದಲನೆಯದು ಪಿಸ್ತೂಲು, ಅದೇ ಇನ್ನೂರಾ ಐವತ್ತರದು. ಎರಡನೆಯದು ಸೆಲ್ಲು ಚಾರ್ಜ್ ಮಾಡಿ ನೀರಲ್ಲಿ ನೆನೆಸಿದ ಜೆಲ್ ಗುಂಡು ಹಾರಿಸುವಂಥದ್ದು. ಮೂರನೆಯದು ಹಳೇ ಕಾಲದ ಜೋಡುನಳಿಗೆ ಬಂದೂಕಿನ ನಕಲು. ನಳಿಗೆ ಮಡಚಿದರೆ ಹಿಂದಿನಿಂದ ಕೆಂಪು ಪ್ಲಾಸ್ಟಿಕ್ ತೋಟಾ ಚಿಮ್ಮಿ ಹೊರಬರುತ್ತದೆ. ಹಿಡಿಕೆಗೆ ತೇಗದ ಬಣ್ಣ, ಕುದುರೆಗೆ ಕಬ್ಬಿಣದ ಬಣ್ಣ. ಹತ್ತು ಮಾರು ದೂರದಿಂದ ನೋಡಿದರೆ ಯಾವ ಫೌಜದಾರನಿಗೂ ಅಸಲಿ ಯಾವುದು, ನಕಲಿ ಯಾವುದು ಗೊತ್ತಾಗುವುದಿಲ್ಲ.

ಬೆಸುಗೆ ಅಂಗಡಿಯಿಂದ ಗ್ರೈಂಡಿಂಗ್ ಕನ್ನಡಕ ಕೇಳಿ ತಂದು ಹಾಕಿಕೊಂಡೆವು. ಐದು ಹೆಜ್ಜೆ ದೂರದಲ್ಲಿ ಹಳೇ ಪೇಪರು ಕಟ್ಟಿದೆವು, ಅದರ ಹಿಂದೆ ಟೊಮೆಟೊ ಇಟ್ಟೆವು. ಜೋಡುನಳಿಗೆಯದು ಹಾರಿಸುವುದು ಸ್ಪಂಜಿನ ಗುಂಡು. ಅದು ಪೇಪರಿಗೆ ಬಡಿದು ಕೆಳಗೆ ಬಿತ್ತು, ಒಂದು ಸಲವಂತೂ ಪೇಪರಿನ ತನಕ ಹೋಗಲೇ ಇಲ್ಲ. ನೋಡಲು ಹುಲಿ, ಹೊಡೆತ ಇಲಿ. ಜೆಲ್ ಗುಂಡು ಪೇಪರು ತೋಯಿಸಿ ಒಡೆಯಿತು. ಆದರೆ ಬೆರಗಾದದ್ದು ಆ ಸಣ್ಣ ಪಿಸ್ತೂಲಿನಿಂದ. ಪೇಪರಿನ ಎರಡು ಹಾಳೆ ತೂತು ಮಾಡಿಕೊಂಡು ಹೋಗಿ ಟೊಮೆಟೊ ಸಿಪ್ಪೆಯೊಳಗೆ ಅರ್ಧ ಹುಗಿದು ಕೂತಿತು. ಇನ್ನೊಂದು ಗುಂಡು ಪಂಪ್‌ಸೆಟ್ ಮನೆಯ ಗೋಡೆಗೆ ಬಡಿದು ಹಿಂದಕ್ಕೆ ಪುಟಿದು ನಮ್ಮಲ್ಲೇ ಒಬ್ಬರ ಗಲ್ಲಕ್ಕೆ ಹೊಡೆಯಿತು. ಎರಡು ದಿನ ಕೆಂಪು ಚುಕ್ಕೆ ಇತ್ತು. ನಾಲ್ಕು ಬೆರಳು ಮೇಲೆ ಬಿದ್ದಿದ್ದರೆ ಕನ್ನಡಕವೇ ಕಾಯಬೇಕಿತ್ತು.

ಇದರ ಲೆಕ್ಕ ಸರಳ. ಗುಂಡಿನ ಅಡ್ಡಗಲ 6 ಮಿಲಿಮೀಟರ್, ತೂಕ 0.12 ಗ್ರಾಂ. ಅದು ಸೆಕೆಂಡಿಗೆ 60 ಮೀಟರ್ ವೇಗದಲ್ಲಿ ಹೋದರೆ ಹೊಡೆತ ಸುಮಾರು 0.2 ಜೂಲ್. ನಮ್ಮ ದೇಶದ 2016ರ ಆಯುಧ ನಿಯಮದ ಪ್ರಕಾರ 20 ಜೂಲ್ ಒಳಗಿನ, 0.177 ಇಂಚು ನಳಿಗೆಯ ಏರ್‌ಗನ್‌ಗೇ ಲೈಸೆನ್ಸ್ ಬೇಡ. ಅಂದಮೇಲೆ ಕಾನೂನಿನ ಕಣ್ಣಿಗೆ ಈ ಪಿಸ್ತೂಲು ಲೆಕ್ಕಕ್ಕೇ ಇಲ್ಲ. ಹುಡುಗನ ಕಣ್ಣಿಗೆ ಮಾತ್ರ ಅಷ್ಟೇ ಸಾಕಾಯಿತು.

ಇಂಥದೇ 6 ಮಿಲಿಮೀಟರ್ ಗುಂಡಿನಲ್ಲಿ ದೊಡ್ಡವರು ಆಡುವ ಆಟವೇ ಇದೆ, ಏರ್‌ಸಾಫ್ಟ್ ಅಂತ ಹೆಸರು. ಹುಟ್ಟಿದ್ದು ಜಪಾನಿನಲ್ಲಿ, 1970ರ ದಶಕದಲ್ಲಿ. ಅಲ್ಲಿ ಸಾಮಾನ್ಯ ಜನಕ್ಕೆ ಅಸಲಿ ಬಂದೂಕು ಸಿಗುವುದು ಬಲು ಕಷ್ಟ, ಹಾಗಾಗಿ ನಕಲಿ ಮಾಡಿ ಆಡಿದರು. ಹಳೇ ಮಾದರಿಯ ಶಾಟ್‌ಗನ್ ನಕಲುಗಳನ್ನು ಕೂಡಿಡುವವರು, ಬಿಚ್ಚಿ ಜೋಡಿಸುವವರು, ಗುರಿ ಹಿಡಿದು ಪರೀಕ್ಷೆ ಮಾಡುವವರು ಅಲ್ಲಿ ಬೇಕಾದಷ್ಟು ಜನ. ಆದರೆ ಆ ಆಟಗಾರರು ಕಣ್ಣು, ಮುಖ ಮುಚ್ಚಿಕೊಳ್ಳದೆ ಅಂಗಳಕ್ಕೆ ಇಳಿಯುವುದಿಲ್ಲ. ಗುಂಡಿನ ಹೊಡೆತ ಒಂದು ಜೂಲ್ ದಾಟಬಾರದು ಅಂತ 2006ರಿಂದ ಜಪಾನಿನಲ್ಲಿ ಕಾನೂನೇ ಇದೆ. ಅಮೆರಿಕದಲ್ಲಿ ಆಟಿಗೆ ಬಂದೂಕಿನ ತುದಿಗೆ ಕಿತ್ತಳೆ ಬಣ್ಣ ಕಡ್ಡಾಯ. ನಮ್ಮಲ್ಲಿ ಆ ಸಾಮಾನು ಮಾತ್ರ ಬಂತು, ಕನ್ನಡಕ ಬರಲಿಲ್ಲ, ಬಣ್ಣವೂ ಬರಲಿಲ್ಲ.

ಹಾಗಂತ ನಮ್ಮಲ್ಲಿ ನಿಯಮ ಇಲ್ಲ ಅಂತಲ್ಲ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಗೆಗೆ ಐಎಸ್‌ಐ ಮಾರ್ಕ್ ಕಡ್ಡಾಯ. ಮಾರ್ಕಿನ ಮೇಲೆ ಐಎಸ್ 9873 ಅಂತ, ಸೆಲ್ಲಿನ ಆಟಿಗೆಯಾದರೆ ಐಎಸ್ 15644 ಅಂತ ಇರಬೇಕು, ಕೆಳಗೆ ಸಿಎಂ/ಎಲ್ ನಂಬರು ಇರಬೇಕು. ಆ ನಂಬರನ್ನು ಬಿಐಎಸ್ ಕೇರ್ ಅನ್ನುವ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ನಿಮ್ಮ ಫೋನೇ ಹೇಳುತ್ತದೆ. ನಾವು ಕೊಂಡ ಎರಡರ ಡಬ್ಬಿ ಮೇಲೂ ಮಾರ್ಕ್ ಇರಲಿಲ್ಲ. ಪಿಸ್ತೂಲಿನ ಡಬ್ಬಿ ಮೂಲೆಯಲ್ಲಿ ಇರುವೆಯಂಥ ಇಂಗ್ಲಿಷ್ ಅಕ್ಷರದಲ್ಲಿ 14+ ಅಂತ ಇತ್ತು. ಹದಿನಾಲ್ಕರ ಮೇಲಿನವರ ಸಾಮಾನು ಅಂದುಬಿಟ್ಟರೆ ಮಕ್ಕಳ ಆಟಿಗೆಯ ನಿಯಮದಿಂದ ಜಾರಿಕೊಳ್ಳಬಹುದು ಅನ್ನುವ ಲೆಕ್ಕ ಅದು. ಜಾತ್ರೆಯಲ್ಲಿ ಆ ಡಬ್ಬಿ ಹಿಡಿದು ನಿಂತವರಲ್ಲಿ ಹದಿನಾಲ್ಕು ದಾಟಿದವರು ನಾವೇ ಇದ್ದೆವು.

ಇನ್ನು ಲಿಂಗಸುಗೂರಿನ ಗೆಳೆಯನ ಗೋಡೆಯ ಕಥೆ. ಅವನು ಮೊಬೈಲ್ ರಿಪೇರಿ ಮಾಡುತ್ತಾನೆ. ಒಳಮನೆಯ ಗೋಡೆ ಮೇಲೆ ಒಂಬತ್ತು ನಕಲಿ ಬಂದೂಕು ಇವೆ. ಬತ್ತಿ ಬಂದೂಕಿನಂಥದ್ದು, ಒಂಟಿ ನಳಿಗೆ, ಜೋಡುನಳಿಗೆ. ಅವನ ಮುತ್ಯಾನ ಹತ್ತಿರ ಅಸಲಿ ಜೋಡುನಳಿಗೆ ಇತ್ತು, ಹಂದಿ ಕಾಟಕ್ಕೆ ಅಂತ ಲೈಸೆನ್ಸ್ ಪಡೆದದ್ದು. ಎಲೆಕ್ಷನ್ ಬಂದಾಗಲೆಲ್ಲ ಠಾಣೆಗೆ ಒಪ್ಪಿಸಿ ರಸೀದಿ ತರುತ್ತಿದ್ದರು, ಮುಗಿದ ಮೇಲೆ ಬಿಡಿಸಿಕೊಂಡು ಬಂದು ಕೊಬ್ಬರಿ ಎಣ್ಣೆ ಸವರಿ ಮೊಳೆಗೆ ತೂಗುಹಾಕುತ್ತಿದ್ದರು. ಮುತ್ಯಾ ತೀರಿಕೊಂಡ ಮೇಲೆ ಲೈಸೆನ್ಸ್ ಯಾರ ಹೆಸರಿಗೂ ಆಗಲಿಲ್ಲ, ಬಂದೂಕು ಠಾಣೆಗೆ ಹೋದದ್ದು ಮರಳಿ ಬರಲಿಲ್ಲ. "ಮೊಳಿ ಖಾಲಿ ಕಾಣ್ತಿತ್ತಣ್ಣ, ಅದಕ್ಕ ಒಂದು ತಂದು ಹಾಕಿದೆ" ಅಂದ. ಒಂದು ಹೋಗಿ ಒಂಬತ್ತಾದವು.

ಅವನ ಹುಚ್ಚನ್ನು ನಾವು ನಗಲಾರೆವು. ಬಂದೂಕಿನ ನೆಂಟಸ್ತನ ನಮ್ಮ ಸೀಮೆಗೆ ಐದುನೂರು ವರ್ಷದ್ದು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗೆ ಮುತ್ತಿಗೆ ಹಾಕಿದಾಗ ಕೋಟೆ ಗೋಡೆಯ ಮೇಲಿನ ಕಾವಲುಗಾರರನ್ನು ಹೊಡೆದು ಕೆಡವಿದ್ದು ಪೋರ್ಚುಗೀಸ್ ಬಂದೂಕುದಾರರು, ಅವರ ಮುಂದಾಳು ಕ್ರಿಸ್ಟೋವಾವ್ ಡಿ ಫಿಗೆರೆಡೊ. ಮುದಗಲ್ ಕೋಟೆಗೆ ಹೋದವರು ತೋಪು ನೋಡಿಯೇ ಇರುತ್ತೀರಿ. ಲಿಂಗಸುಗೂರು ಒಂದು ಕಾಲಕ್ಕೆ ದಂಡಿನ ಊರು. ಮುಧೋಳದ ಹಲಗಲಿಯಲ್ಲಿ 1857ರಲ್ಲಿ ಹತಾರ ಒಪ್ಪಿಸಲು ಒಲ್ಲೆವು ಅಂದ ಬೇಡರ ಊರಿಗೇ ಬ್ರಿಟಿಷರು ಬೆಂಕಿ ಇಟ್ಟರು, ಹಲವರನ್ನು ಗಲ್ಲಿಗೇರಿಸಿದರು. ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವ ವಿನಾಯಿತಿ ಇಂದಿಗೂ ಉಳಿದಿರುವುದು ಕೊಡಗಿನಲ್ಲಿ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ತನಕ ಮುಂದುವರಿಸಿದೆ. ನಮ್ಮ ಕಡೆ ಉಳಿದದ್ದು ಮೊಳೆ.

ಗೋಡೆ ಮೇಲೆ ಇರುವ ತನಕ ಯಾರಿಗೂ ತೊಂದರೆ ಇಲ್ಲ. ಗೋಡೆಯಿಂದ ಇಳಿದು ರೀಲ್ಸಿಗೆ ಬಂದಾಗ ಕಥೆ ಬೇರೆ. 2025ರ ಮಾರ್ಚಿನಲ್ಲಿ ಟಿವಿಯ ಇಬ್ಬರು ಹೆಸರುವಾಸಿಗಳು ಮಚ್ಚು ಹಿಡಿದು ರೀಲ್ಸ್ ಮಾಡಿ ಬೆಂಗಳೂರಿನಲ್ಲಿ ಅರೆಸ್ಟ್ ಆದರು. ಅದು ಫೈಬರ್ ಮಚ್ಚು ಅಂತ ಹೇಳಿದರೂ ಬಿಡುಗಡೆ ಸಲೀಸಾಗಲಿಲ್ಲ. ಬಂದೂಕಿನ ವಿಷಯದಲ್ಲಂತೂ 1959ರ ಆಯುಧ ಕಾಯ್ದೆಯೇ ನಕಲಿಯನ್ನೂ ಹೆಸರಿಸಿದೆ. ಗುಂಡು ಹಾರಲಿ ಬಿಡಲಿ, ನೋಡಲು ಬಂದೂಕಿನಂತೆ ಕಂಡರೆ ಅದು ನಕಲಿ ಬಂದೂಕು. ಅದನ್ನು ತೋರಿಸಿ ಬಂಧನ ತಪ್ಪಿಸಿಕೊಳ್ಳಲು ನೋಡಿದರೆ ಏಳು ವರ್ಷದ ತನಕ ಜೈಲು. ಲೈಸೆನ್ಸ್ ಇಲ್ಲದೆ ಅದನ್ನು ಅಸಲಿಗೆ ತಿರುಗಿಸುವುದೂ ಅಪರಾಧ.

ಇಲ್ಲಿ ನಮ್ಮ ತಪ್ಪೊಂದನ್ನು ಹೇಳಿಕೊಳ್ಳಲೇಬೇಕು. ಕೆಲವು ವರ್ಷದ ಹಿಂದೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಫೋಟೊ ಬಂತು, ಯುವಕನೊಬ್ಬ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ನಿಂತದ್ದು. ಡೆಡ್‌ಲೈನ್ ಹತ್ತಿರ ಇತ್ತು. ಯಾರಿಗೂ ಫೋನ್ ಮಾಡದೆ 'ನಾಡ ಪಿಸ್ತೂಲು ಹಿಡಿದು ಯುವಕನ ಓಡಾಟ, ಜನರಲ್ಲಿ ಆತಂಕ' ಅಂತ ಕಳಿಸಿದೆವು. ಎರಡು ಕಾಲಂ ಬಂತು. ಮರುದಿನ ಗೊತ್ತಾಯಿತು, ಅದು ಬೀಡಿ ಹಚ್ಚುವ ಲೈಟರ್. ತಿದ್ದುಪಡಿ ಒಳಪುಟದಲ್ಲಿ ನಾಲ್ಕು ಸಾಲು ಬಂತು, ಅದನ್ನು ಯಾರೂ ಸ್ಟೇಟಸ್ ಇಡಲಿಲ್ಲ. ಐಟಿಐ ಓದುತ್ತಿದ್ದ ಆ ಹುಡುಗನನ್ನು ಮನೆಯವರು ಓದು ಬಿಡಿಸಿ ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಕಳಿಸಿದರು. ಆತಂಕಗೊಂಡ ಜನ ಯಾರೂ ಇರಲಿಲ್ಲ, ಆ ಸಾಲು ನಾವು ಕೂತಲ್ಲೇ ಬರೆದದ್ದು.

ಆದ್ದರಿಂದ 'ಆಟಿಗೆ ಬಂದೂಕು ಬ್ಯಾನ್ ಮಾಡಿ' ಅಂತ ಕೂಗುವ ಮುಖ ನಮಗಿಲ್ಲ, ಮನಸ್ಸೂ ಇಲ್ಲ. ಬಲೂನ್ ಹೊಡೆಸುವ ಅಂಗಡಿಯವನು ಇರಲಿ. ಅವನ ಬಂದೂಕು ಸರಪಳಿಗೆ ಕಟ್ಟಿರುತ್ತದೆ, ಗುರಿ ಹಲಗೆ ಕಡೆಗೇ ಇರುತ್ತದೆ, ಪಕ್ಕದಲ್ಲಿ ಅವನೇ ನಿಂತಿರುತ್ತಾನೆ. ಸ್ಪಂಜು ಹಾರಿಸುವುದು ಇರಲಿ, ರೀಲು ಪಟಾಕಿ ಪಿಸ್ತೂಲೂ ಇರಲಿ. ನಮ್ಮ ತಕರಾರು ಗಟ್ಟಿ ಪ್ಲಾಸ್ಟಿಕ್ ಗುಂಡಿನ ಮೇಲೆ ಮಾತ್ರ. ಅದನ್ನು ನಿಲ್ಲಿಸಲು ದಿಲ್ಲಿಗೆ ಹೋಗಬೇಕಾಗಿಲ್ಲ. ಜಾತ್ರೆಯಲ್ಲಿ ಅಂಗಡಿಗೆ ಜಾಗ ಅಳೆದು ಕೊಡುವವರು, ಕರ ವಸೂಲಿ ಮಾಡುವವರು ಊರಿನವರೇ. ಚೀಟಿ ಕೊಡುವಾಗ 'ಐಎಸ್‌ಐ ಮಾರ್ಕ್ ಇಲ್ಲದ ಗುಂಡಿನ ಪಿಸ್ತೂಲು ಮಾರುವಂತಿಲ್ಲ' ಅಂತ ಒಂದು ಸಾಲು ಬರೆದರೆ ಅರ್ಧ ಕೆಲಸ ಆಯಿತು. ಮುದಗಲ್ ಮೊಹರಂನಂಥ ದೊಡ್ಡ ಕೂಟಕ್ಕೂ ಇದೇ ಮಾತು.

ಕಾಲುವೆಯ ಕೊನೇ ಭಾಗಕ್ಕೆ ನೀರಿಲ್ಲ, ನೀವು ಆಟಿಗೆ ಹಿಡಿದು ಕೂತಿದ್ದೀರಿ ಅಂತ ಹಿರಿಯರೊಬ್ಬರು ಬೈದರು. ನೀರಿನ ಸುದ್ದಿ ನಾವು ಪ್ರತಿ ವರ್ಷ ಬರೆಯುತ್ತೇವೆ, ಮುಂದೂ ಬರೆಯುತ್ತೇವೆ. ಆದರೆ 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ್, ವಿದಿಶಾ ಕಡೆ ಏನಾಯಿತು ನೋಡಿ. ಪ್ಲಾಸ್ಟಿಕ್ ಪೈಪಿನಲ್ಲಿ ಕಾರ್ಬೈಡ್, ನೀರು ಹಾಕಿ ಸಿಡಿಸುವ 'ಕಾರ್ಬೈಡ್ ಗನ್' ಅಗ್ಗಕ್ಕೆ ಬೀದಿಯಲ್ಲಿ ಸಿಕ್ಕಿತು, ರೀಲ್ಸಿನಲ್ಲಿ ಓಡಿತು, ನೂರಕ್ಕೂ ಹೆಚ್ಚು ಮಂದಿ, ಬಹುತೇಕ ಮಕ್ಕಳು, ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಸಿಡಿಯದೇ ಇದ್ದಾಗ ಪೈಪಿನೊಳಗೆ ಬಗ್ಗಿ ನೋಡಿದವರಿಗೇ ಹೆಚ್ಚು ಏಟು. ಹಕ್ಕಿ, ಮಂಗ ಓಡಿಸಲು ಅಂತ ಇಂಥ ಪೈಪು ಮಾಡಿಟ್ಟುಕೊಂಡವರು ಇದ್ದರೆ ಮಕ್ಕಳ ಕೈಗೆ ಎಟುಕದಂತೆ ಇಡಿ ಅನ್ನುವುದೂ ಕಮ್ಮಿಯೇ. ಮುರಿದು ಹಾಕಿ.

ಕಣ್ಣಿಗೆ ಗುಂಡು ತಾಗಿದರೆ ಏನು ಮಾಡಬೇಕು ಅನ್ನುವುದನ್ನು ಓದಿ ಬಿಡದೆ ಮನೆಯವರಿಗೂ ಹೇಳಿ. ತಿಕ್ಕಬಾರದು, ಒತ್ತಬಾರದು. ಎದೆಹಾಲು, ಔಡಲೆಣ್ಣೆ, ಜೇನು ಯಾವುದೂ ಬೇಡ. ಮೆಡಿಕಲ್ ಶಾಪಿನಿಂದ ಹನಿ ತಂದು ಹಾಕಬೇಡಿ. ಚಹಾದ ಪೇಪರ್ ಕಪ್ಪನ್ನು ಕಣ್ಣಿನ ಮೇಲೆ, ಗುಡ್ಡೆಗೆ ತಾಗದಂತೆ ಬೋರಲು ಇಟ್ಟು ಟೇಪು ಅಂಟಿಸಿ. ಆಪರೇಷನ್ ಬೇಕಾಗಬಹುದು, ಊಟ ಕೊಡದೆ ಕರೆದೊಯ್ಯಿರಿ. ರಕ್ತ ಬರದಿದ್ದರೂ, ಕಣ್ಣು ಕಾಣುತ್ತದೆ ಅಂದರೂ ಅದೇ ದಿನ ಕಣ್ಣಿನ ಡಾಕ್ಟರರಿಗೆ ತೋರಿಸಿ. ಒಳಗೆ ರಕ್ತ ಸೋರಿ ಒತ್ತಡ ಏರುವುದು ಹೊರಗೆ ಕಾಣುವುದಿಲ್ಲ. ನಮ್ಮ ತಾಲ್ಲೂಕುಗಳಿಂದ ರಾಯಚೂರಿನ ರಿಮ್ಸ್ ದೂರ ಅನ್ನುವುದು ಗೊತ್ತು. ಆ ಹುಡುಗನ ಮನೆಯವರಿಗೂ ದೂರವೇ ಅನ್ನಿಸಿ ಎರಡು ದಿನ ಹೋಯಿತು.

ಲಿಂಗಸುಗೂರಿನ ಗೆಳೆಯನಿಗೆ ಜೋಡುನಳಿಗೆ ವಾಪಸ್ ಕೊಟ್ಟೆವು. ಒಂಬತ್ತರ ತುದಿಗೂ ಟ್ರ್ಯಾಕ್ಟರಿಗೆ ಹಚ್ಚುವ ಕೆಂಪು ಪೇಂಟು ಬಳಿ ಅಂದಾಗ ಮೊದಲು ಮುಖ ಹುಳ್ಳಗೆ ಮಾಡಿದ, ಚೆಂದ ಕೆಡುತ್ತದೆ ಅಂದ. ಹೋದ ವಾರ ಫೋಟೊ ಕಳಿಸಿದ್ದಾನೆ, ಎಂಟಕ್ಕೆ ಬಳಿದಿದ್ದಾನೆ. ಮುತ್ಯಾನ ಮೊಳೆಯ ಮೇಲಿನದೊಂದು ಹಾಗೇ ಇದೆ. ಅದನ್ನು ಹೊರಗೆ ಒಯ್ಯುವುದಿಲ್ಲ ಅಂತ ಮಾತು ಕೊಟ್ಟಿದ್ದಾನೆ.

ಪಿಸ್ತೂಲು ಮಾರಿದ ಮಸ್ಕಿ ಜಾತ್ರೆಯ ಅಂಗಡಿಯವರನ್ನೂ ಹುಡುಕಿ ಮಾತಾಡಿದೆವು. ಕೆಟ್ಟ ಮನುಷ್ಯ ಅಲ್ಲ, ಅವರಿಗೂ ಇಬ್ಬರು ಮೊಮ್ಮಕ್ಕಳು. ಹುಡುಗನ ಕಣ್ಣಿನ ಸುದ್ದಿ ಕೇಳಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಅಂದರು: "ಬರೋ ವರ್ಷ ಬರೇ ಸಪ್ಪಳ ಮಾಡೂ ಪಿಸ್ತೂಲ ತರ್ತೀನ್ರೀ ತಮ್ಮ. ಆದ್ರ ಬಾಜೂ ಅಂಗಡ್ಯಾವ ಗುಂಡಿಂದು ಇಟ್ರ, ಹುಡುಗರು ನನ್ನ ಕಡೆ ಯಾಕ ಬರ್ತಾವ, ಹೇಳ್ರಿ?"