ಹೊಸ ವ್ಯವಸ್ಥೆ, ಹಳೆಯ ಯಂತ್ರ

ಹಳೆಯ ಲ್ಯಾಪ್‌ಟಾಪಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿಸಿದ ಮರುದಿನವೇ, ನಿನ್ನೆಯವರೆಗೂ ನಿರಾಯಾಸವಾಗಿ ನುಡಿಯುತ್ತಿದ್ದ ಸ್ಪೀಕರು ಮೂಕವಾಗಿಯೂ, ಬೆರಳಿನ ಸ್ಪರ್ಶಮಾತ್ರಕ್ಕೆ ಓಗೊಡುತ್ತಿದ್ದ ಟಚ್‌ಪ್ಯಾಡು ಜಡವಾಗಿಯೂ ಬಿದ್ದಿರುವುದನ್ನು ಕಂಡವರು, ಯಂತ್ರವೇ ಕೆಟ್ಟಿತೆಂದು ಹತಾಶರಾಗುವುದು ಸಹಜ. ಆದರೆ ಅನೇಕ ವೇಳೆ ದೋಷವಿರುವುದು, ಯಂತ್ರಾಂಗಕ್ಕೂ ವ್ಯವಸ್ಥೆಗೂ ನಡುವೆ ದುಭಾಷಿಯಂತೆ ನಿಂತಿರುವ ಡ್ರೈವರ್ ಎಂಬ ಪುಟ್ಟ ತಂತ್ರಾಂಶದಲ್ಲಿ. ವಿಂಡೋಸಿನ ಡಿವೈಸ್ ಮ್ಯಾನೇಜರನ್ನು ತೆರೆದಾಗ, ಸಾಧನದ ಹೆಸರಿನ ಪಕ್ಕದಲ್ಲಿ ಆಶ್ಚರ್ಯಸೂಚಕ ಚಿಹ್ನೆಯನ್ನು ಹೊತ್ತ ಹಳದಿ ತ್ರಿಕೋನವೊಂದು ಕಂಡರೆ, ವ್ಯಾಧಿಯ ನೆಲೆ ಅಲ್ಲಿಯೇ ಎಂದು ತಿಳಿಯಬೇಕು. ತಯಾರಕರ ಜಾಲತಾಣದಿಂದ ಆ ಮಾದರಿಗೆ ಒಪ್ಪುವ ಡ್ರೈವರನ್ನೇ ಪಡೆದು ಹಾಕುವುದು ಪ್ರಥಮ ಚಿಕಿತ್ಸೆ. ಅದು ಫಲಿಸದಿದ್ದಲ್ಲಿ, ವಿಂಡೋಸ್ 11 ಸಾಮಾನ್ಯವಾಗಿ ನೀಡುವ 10 ದಿನಗಳ ಅವಧಿಯೊಳಗೆ ಹಳೆಯ ವ್ಯವಸ್ಥೆಗೇ ಹಿಂದಿರುಗುವುದು ವಿವೇಕ.

2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ, ತಕ್ಕ ಡ್ರೈವರು ದೊರೆಯದೆ ಎಷ್ಟೋ ಸುಸ್ಥಿತಿಯ ಪ್ರಿಂಟರುಗಳು ಮೂಲೆ ಸೇರಿದುವು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿದು, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯಿಲ್ಲದ ಲ್ಯಾಪ್‌ಟಾಪುಗಳು ಹೊಸ ವ್ಯವಸ್ಥೆಗೆ ಅನರ್ಹವೆನಿಸಿರುವ ಈ ಹೊತ್ತಿನಲ್ಲಿ, ಡ್ರೈವರಿಲ್ಲದಿದ್ದರೆ ಸುಸ್ಥಿತಿಯ ಯಂತ್ರವೂ ವ್ಯರ್ಥವೆಂಬ ಆ ಪಾಠ ಮತ್ತೆ ಸ್ಮರಣೀಯ. ಸಾಲ ಮಾಡಿ ಮಗಳ ವ್ಯಾಸಂಗಕ್ಕೆ ಲ್ಯಾಪ್‌ಟಾಪು ಕೊಂಡ ತಂದೆಗೆ, ಅದು ಬಾಳುವಷ್ಟು ಕಾಲವೂ ಡ್ರೈವರುಗಳನ್ನು ಒದಗಿಸುವುದು ತಯಾರಕರ ಧರ್ಮ. ಮಾರಾಟವಾದೊಡನೆ ಋಣ ತೀರಿತೆಂದು ಭಾವಿಸುವುದು ನ್ಯಾಯವಲ್ಲ. ನಾವಾದರೋ, ಕಡತಗಳ ಪ್ರತಿಯನ್ನು ಬೇರೆಡೆ ಕಾಪಿಟ್ಟುಕೊಂಡು, ಡ್ರೈವರುಗಳ ಲಭ್ಯತೆಯನ್ನು ವಿಚಾರಿಸಿದ ಮೇಲೆಯೇ ಹೊಸ ವ್ಯವಸ್ಥೆಗೆ ಕಾಲಿಡೋಣ.